ಬಿಟ್ಟ ಸಾಲಿನಲ್ಲಿ ಅಡಗಿರುವ ಪಕ್ಷಪಾತ

2020ರ ಮೇ 25ರಂದು ನಡೆದ ಘಟನೆಯೊಂದರ ಬಗ್ಗೆ ಅಮೆರಿಕದ ಮಿನಿಯಾಪೊಲಿಸ್ ನಗರದ ಪೊಲೀಸರು ಪತ್ರಿಕಾ ಹೇಳಿಕೆ ಹೊರಡಿಸಿದರು. ಪೊಲೀಸರು ವಿಚಾರಿಸುತ್ತಿದ್ದ ವೇಳೆ ಆರೋಗ್ಯ ಕೈಕೊಟ್ಟು ವ್ಯಕ್ತಿಯೊಬ್ಬ ಸತ್ತಿದ್ದಾನೆ ಎಂಬುದು ಅದರ ತಲೆಬರಹದ ಸಾರ. ಒಳಗಿನ ಸಾಲುಗಳೂ ಅಷ್ಟೇ ತಣ್ಣಗಿದ್ದವು. ಶಂಕಿತ ವ್ಯಕ್ತಿಗೆ ಕೈಕೋಳ ಹಾಕಲಾಯಿತು. ಅವನಿಗೆ ಏನೋ ತೊಂದರೆ ಆಗುತ್ತಿರುವಂತೆ ಕಂಡಿತು. ಆಂಬುಲೆನ್ಸ್ ಕರೆಸಲಾಯಿತು. ಆಸ್ಪತ್ರೆಯಲ್ಲಿ ತೀರಿಕೊಂಡ. ಯಾರೂ ಯಾವ ಆಯುಧವನ್ನೂ ಬಳಸಿಲ್ಲ.

ಕೈಕೋಳ ಹಾಕಿದ್ದು ನಿಜ. ಆಂಬುಲೆನ್ಸ್ ಕರೆಸಿದ್ದು ನಿಜ. ಆಯುಧ ಬಳಸದಿದ್ದದ್ದೂ ನಿಜ. ಹೇಳಿಕೆಯಲ್ಲಿ ಇಲ್ಲದಿದ್ದದ್ದು ಒಂದೇ ಸಂಗತಿ: ಒಬ್ಬ ಪೊಲೀಸ್ ಅಧಿಕಾರಿ ಆ ಮನುಷ್ಯನ ಕುತ್ತಿಗೆಯ ಮೇಲೆ ಒಂಬತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ಮೊಣಕಾಲೂರಿದ್ದ. ಅಲ್ಲೇ ನಿಂತಿದ್ದ ಹದಿಹರೆಯದ ಹುಡುಗಿಯೊಬ್ಬಳು ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದಳು. ಆ ವಿಡಿಯೊ ಹೊರಬಂದ ಮೇಲೆ, ಮಾರನೆಯ ದಿನವೇ ನಾಲ್ವರು ಪೊಲೀಸರನ್ನು ಕೆಲಸದಿಂದ ತೆಗೆದರು. ಮೊಣಕಾಲೂರಿದ್ದ ಅಧಿಕಾರಿ ಕೊಲೆಗಾರ ಎಂದು 2021ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಸತ್ತವರ ಹೆಸರು ಜಾರ್ಜ್ ಫ್ಲಾಯ್ಡ್.

ವಿಡಿಯೊ ಇಲ್ಲದೇ ಹೋಗಿದ್ದರೆ? ಆ ಹೇಳಿಕೆಯೇ ಸುದ್ದಿಯಾಗುತ್ತಿತ್ತು. ರಾತ್ರಿ ಪಾಳಿಯ ಉಪಸಂಪಾದಕರು ಅದನ್ನು ನಾಲ್ಕು ಸಾಲಿಗೆ ಇಳಿಸಿ ಒಳಪುಟಕ್ಕೆ ಹಾಕುತ್ತಿದ್ದರು. ಅವರು ಸುಳ್ಳು ಬರೆದರು ಅಂತ ಯಾರೂ ದೂರುವಂತಿರಲಿಲ್ಲ. ಆದರೆ ಓದಿದವರಿಗೆ ತಲುಪುತ್ತಿದ್ದದ್ದು ಶುದ್ಧ ಸುಳ್ಳು.

ಮಾಧ್ಯಮಗಳ ರಾಜಕೀಯ ಪಕ್ಷಪಾತದ ಮಾತು ಬಂದಾಗಲೆಲ್ಲ ನನಗೆ ಈ ಹೇಳಿಕೆ ನೆನಪಾಗುತ್ತದೆ. ನಾವು ಸಾಮಾನ್ಯವಾಗಿ ಹುಡುಕುವುದು ಸುಳ್ಳನ್ನು. ಯಾರೋ ಕಿರುಚುವ ಆಂಕರನ್ನು, ತಿರುಚಿದ ಫೋಟೊವನ್ನು, ಕಟ್ಟುಕತೆಯನ್ನು. ಅವೂ ಇವೆ, ಅವುಗಳಿಂದ ಹಾನಿಯೂ ಆಗುತ್ತದೆ. ಆದರೆ ಅವು ಸಿಕ್ಕಿಬೀಳುತ್ತವೆ. ದಿನದಿನವೂ ನಮ್ಮ ತಲೆಯೊಳಗೆ ಇಳಿಯುವ ಪಕ್ಷಪಾತ ಬಹುಪಾಲು ನಿಜವಾದ ಸಾಲುಗಳಿಂದಲೇ ಕಟ್ಟಿದ್ದು. ಯಾವ ಸಾಲು ಇಟ್ಟರು, ಯಾವುದನ್ನು ಬಿಟ್ಟರು, ಯಾರನ್ನು ಕೇಳಿದರು, ಯಾವ ಪದ ಹಾಕಿದರು ಎನ್ನುವುದರಲ್ಲಿ ಅದು ಕೂತಿರುತ್ತದೆ.

ಬಾಗಿಲಲ್ಲಿ ಕೂತವರು

1949ರ ಫೆಬ್ರುವರಿಯಲ್ಲಿ ಅಮೆರಿಕದ ಒಂದು ಊರಿನ ಬೆಳಗಿನ ಪತ್ರಿಕೆಯ ಸಂಪಾದಕರೊಬ್ಬರು ಸಂಶೋಧಕರಿಗೆ ಸಹಾಯ ಮಾಡಲು ಒಪ್ಪಿಕೊಂಡರು. ಸುದ್ದಿಸಂಸ್ಥೆಗಳಿಂದ ಬರುವ ಸುದ್ದಿಗಳಲ್ಲಿ ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು ಅವರ ಕೆಲಸ. ಒಂದು ವಾರ ಅವರು ತಾವು ಬಿಟ್ಟ ಪ್ರತಿಯೊಂದು ಸುದ್ದಿಯನ್ನೂ ಎತ್ತಿಟ್ಟುಕೊಂಡರು. ಪತ್ರಿಕೆ ಮುದ್ರಣಕ್ಕೆ ಹೋದ ಮೇಲೆ, ನಡುರಾತ್ರಿ ಕಳೆದು, ಒಂದೊಂದರ ಮೇಲೂ ಯಾಕೆ ಬಿಟ್ಟೆ ಎಂದು ಬರೆದರು. ಡೇವಿಡ್ ಮ್ಯಾನಿಂಗ್ ವೈಟ್ ಎಂಬ ಪ್ರಾಧ್ಯಾಪಕರು 1950ರಲ್ಲಿ ಇದನ್ನು ಪ್ರಕಟಿಸಿದರು. ಸಂಪಾದಕರ ನಿಜವಾದ ಹೆಸರು ಮುಚ್ಚಿಟ್ಟು ‘ಮಿಸ್ಟರ್ ಗೇಟ್ಸ್’ ಅಂತ ಕರೆದರು.

ಬಂದ ಸುದ್ದಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಕಸದ ಬುಟ್ಟಿಗೆ ಹೋಗಿತ್ತು. ‘ಜಾಗ ಇಲ್ಲ’ ಅನ್ನುವ ಕಾರಣ ಮತ್ತೆ ಮತ್ತೆ ಬಂದಿತ್ತು. ಅದು ಸಹಜವೇ. ಆದರೆ ಅದರ ಜೊತೆಗೆ ಬೇರೆ ಟಿಪ್ಪಣಿಗಳೂ ಇದ್ದವು. ಇದು ಪ್ರಚಾರ. ಆತ್ಮಹತ್ಯೆಯ ಸುದ್ದಿ ನನಗೆ ಇಷ್ಟವಿಲ್ಲ. ಇವನು ತೀರಾ ಕೆಂಪು. ಅಂದರೆ, ಮಾತಾಡಿದವನು ಎಡಪಂಥೀಯ ಅನ್ನುವುದೇ ಆ ಸುದ್ದಿ ಬೀಳಲು ಸಾಕಾಯಿತು. ಮಾರನೆಯ ಬೆಳಗ್ಗೆ ಪತ್ರಿಕೆ ಬಿಡಿಸಿದವರಿಗೆ ಅಂಥದ್ದೊಂದು ಸುದ್ದಿ ಬಂದಿತ್ತು ಅನ್ನುವುದೇ ಗೊತ್ತಾಗಲಿಲ್ಲ. ಇಲ್ಲದ್ದನ್ನು ಯಾರು ತಾನೇ ಹುಡುಕುತ್ತಾರೆ?

ಇದರ ಪರಿಣಾಮ ಏನು ಎಂದು ಅಳೆದವರು ಮ್ಯಾಕ್ಸ್‌ವೆಲ್ ಮೆಕೊಂಬ್ಸ್ ಮತ್ತು ಡೊನಾಲ್ಡ್ ಶಾ. 1968ರ ಅಧ್ಯಕ್ಷೀಯ ಚುನಾವಣೆ ವೇಳೆ ಚಾಪೆಲ್ ಹಿಲ್ ಊರಿನಲ್ಲಿ, ಇನ್ನೂ ಮನಸ್ಸು ಮಾಡದ 100 ಮತದಾರರನ್ನು ಅವರು ಮಾತಾಡಿಸಿದರು. ನಿಮ್ಮ ಪ್ರಕಾರ ಈಗ ಮುಖ್ಯವಾದ ವಿಷಯ ಯಾವುದು ಎಂದು ಕೇಳಿದರು. ಅದೇ ಹೊತ್ತಿಗೆ ಪತ್ರಿಕೆ, ಟಿವಿಗಳು ಯಾವ ವಿಷಯಕ್ಕೆ ಎಷ್ಟು ಜಾಗ ಕೊಟ್ಟಿವೆ ಎಂದೂ ಎಣಿಸಿದರು. ಎರಡೂ ಪಟ್ಟಿ ಹೆಚ್ಚೂಕಮ್ಮಿ ಒಂದೇ ಆಗಿತ್ತು. ಮಾಧ್ಯಮಗಳು ನಮ್ಮ ಅಭಿಪ್ರಾಯವನ್ನು ಬದಲಿಸುವುದಕ್ಕಿಂತ ಜಾಸ್ತಿ, ಯಾವುದರ ಬಗ್ಗೆ ಅಭಿಪ್ರಾಯ ಇಟ್ಟುಕೊಳ್ಳಬೇಕು ಅನ್ನುವುದನ್ನು ನಿರ್ಧರಿಸುತ್ತವೆ. ಒಂದು ತಿಂಗಳು ಬೆಳಗಿನಿಂದ ರಾತ್ರಿವರೆಗೆ ಅಪರಾಧದ ಸುದ್ದಿಯೇ ಬಂದರೆ, ಅಪರಾಧ ನಿಗ್ರಹಿಸುತ್ತೇನೆ ಅನ್ನುವ ಪಕ್ಷಕ್ಕೆ ಲಾಭ. ನಿರುದ್ಯೋಗದ ಸುದ್ದಿಯೇ ಬಂದರೆ ಅಧಿಕಾರದಲ್ಲಿರುವವರಿಗೆ ನಷ್ಟ. ಎರಡರಲ್ಲೂ ಒಂದೇ ಒಂದು ಸುಳ್ಳು ಇರಬೇಕಾಗಿಲ್ಲ.

ಕ್ರಿಯಾಪದದ ಕೈವಾಡ

ಈಗ ಸ್ವಲ್ಪ ಹತ್ತಿರದಿಂದ ನೋಡೋಣ. ಒಬ್ಬ ಸಚಿವರು ಸುದ್ದಿಗೋಷ್ಠಿಯಲ್ಲಿ ‘ಈ ಯೋಜನೆ ಮುಗಿಯಲು ಇನ್ನೂ ಆರು ತಿಂಗಳು ಬೇಕು’ ಅಂದರು ಎಂದಿಟ್ಟುಕೊಳ್ಳಿ. ಇದನ್ನು ಬರೆಯುವ ವರದಿಗಾರರ ಮುಂದೆ ಒಂದು ರಾಶಿ ಕ್ರಿಯಾಪದಗಳಿವೆ. ಆರು ತಿಂಗಳು ಬೇಕು ಎಂದು ಹೇಳಿದರು. ಎಂದು ಸ್ಪಷ್ಟಪಡಿಸಿದರು. ಎಂದು ಭರವಸೆ ನೀಡಿದರು. ಎಂದು ಒಪ್ಪಿಕೊಂಡರು. ಎಂದು ಸಮಜಾಯಿಷಿ ನೀಡಿದರು. ಎಂದು ಹೇಳಿ ಜಾರಿಕೊಂಡರು. ಸಚಿವರ ಬಾಯಿಂದ ಬಂದ ಮಾತು ಒಂದೇ. ‘ಸ್ಪಷ್ಟಪಡಿಸಿದರು’ ಎಂದಾಗ ಅವರ ಕೈಯಲ್ಲಿ ಎಲ್ಲವೂ ಇದೆ. ‘ಒಪ್ಪಿಕೊಂಡರು’ ಎಂದಾಗ ಅವರು ತಪ್ಪಿತಸ್ಥರು. ‘ಜಾರಿಕೊಂಡರು’ ಎಂದಾಗ ವಂಚಕರು.

ಅದೇ ದಿನ ವಿರೋಧ ಪಕ್ಷದವರು ‘ಯಾಕೆ ತಡವಾಯಿತು?’ ಅಂದರು. ಅದನ್ನು ‘ಪ್ರಶ್ನಿಸಿದರು’ ಎಂದೂ ಬರೆಯಬಹುದು, ‘ಕಿಡಿಕಾರಿದರು’ ಎಂದೂ ಬರೆಯಬಹುದು, ‘ಕ್ಯಾತೆ ತೆಗೆದರು’ ಎಂದೂ ಬರೆಯಬಹುದು. ಕ್ಯಾತೆ ಎಂದು ಬರೆದ ಮೇಲೆ ಆ ಪ್ರಶ್ನೆಗೆ ಉತ್ತರ ಕೊಡಬೇಕು ಅಂತ ಓದುವವರಿಗೆ ಅನ್ನಿಸುವುದೇ ಇಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವುದು ಅದೇ. ಹಾಗಾಗಿ ನಮ್ಮ ಭಾಷೆಯ ಸುದ್ದಿಯಲ್ಲಿ ತೀರ್ಪು ಅಡಗಿಸಿಡಲು ಇದಕ್ಕಿಂತ ಸುಲಭದ ಜಾಗ ಇನ್ನೊಂದಿಲ್ಲ ಅಂತ ನನಗೆ ಅನ್ನಿಸಿದೆ.

ಇನ್ನೊಂದಿದೆ, ಅದನ್ನು ಗಮನಿಸಿದವರು ಕಡಿಮೆ. ಏಕವಚನ ಮತ್ತು ಬಹುವಚನ. ‘ಆರೋಪಿ ಪರಾರಿಯಾಗಿದ್ದಾನೆ’ ಎಂದು ಬರೆಯುವ ಕೈಯೇ ದೊಡ್ಡ ಮನುಷ್ಯರ ಬಗ್ಗೆ ಬರೆಯುವಾಗ ‘ವಿಚಾರಣೆಗೆ ಹಾಜರಾಗಿಲ್ಲ, ಅಜ್ಞಾತ ಸ್ಥಳದಲ್ಲಿದ್ದಾರೆ’ ಎಂದು ಬರೆಯುತ್ತದೆ. ಇಬ್ಬರೂ ಆರೋಪಿಗಳೇ. ಇಬ್ಬರ ಮೇಲೂ ಆರೋಪ ಸಾಬೀತಾಗಿಲ್ಲ. ಒಬ್ಬರಿಗೆ ‘ಇದ್ದಾನೆ’, ಇನ್ನೊಬ್ಬರಿಗೆ ‘ಇದ್ದಾರೆ’. ನ್ಯಾಯಾಲಯಕ್ಕಿಂತ ಮೊದಲೇ ವ್ಯಾಕರಣ ತೀರ್ಪು ಕೊಟ್ಟುಬಿಡುತ್ತದೆ. ಇದನ್ನು ಬರೆಯುವವರು ಬೇಕಂತಲೇ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ರೂಢಿಯಾಗಿಬಿಟ್ಟಿದೆ. ರೂಢಿ ಆದದ್ದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ. ‘ಲಘು ಲಾಠಿ ಪ್ರಹಾರ’ ಅನ್ನುವ ಸಿದ್ಧ ಪದಗುಚ್ಛವೂ ಹಾಗೇ. ಲಘು ಎಂದು ಅಳೆದವರು ಯಾರು? ಏಟು ತಿಂದವರಂತೂ ಅಲ್ಲ.

ಪದ ಬದಲಾದರೆ ಮನಸ್ಸು ಎಷ್ಟು ಬದಲಾಗುತ್ತದೆ ಎಂದು ತೋರಿಸಿದ ಪ್ರಸಿದ್ಧ ಪ್ರಯೋಗ ಒಂದಿದೆ. ಏಮಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1981ರಲ್ಲಿ ಪ್ರಕಟಿಸಿದ್ದು. 600 ಜನ ಸಾಯಬಹುದಾದ ಕಾಯಿಲೆ ಬರುತ್ತಿದೆ, ಎರಡು ಯೋಜನೆಗಳಿವೆ, ಒಂದನ್ನು ಆರಿಸಿ ಎಂದು ಕೇಳಿದರು. ಮೊದಲ ಯೋಜನೆಯಲ್ಲಿ ಫಲಿತಾಂಶ ಖಚಿತ. ಎರಡನೆಯದು ಅದೃಷ್ಟದ ಆಟ: ಎಲ್ಲರೂ ಉಳಿಯಬಹುದು, ಒಬ್ಬರೂ ಉಳಿಯದೆಯೂ ಇರಬಹುದು. ‘ಮೊದಲ ಯೋಜನೆಯಿಂದ 200 ಜನ ಬದುಕುತ್ತಾರೆ’ ಎಂದು ಹೇಳಿದಾಗ ಶೇ 72ರಷ್ಟು ಮಂದಿ ಅದನ್ನು ಆರಿಸಿದರು. ಇನ್ನೊಂದು ಗುಂಪಿಗೆ ಅದೇ ಯೋಜನೆಯನ್ನು ‘400 ಜನ ಸಾಯುತ್ತಾರೆ’ ಎಂದು ಹೇಳಿದರು. ಆರಿಸಿದವರು ಶೇ 22. ಲೆಕ್ಕ ಒಂದೇ. ಹೇಳುವ ರೀತಿ ಬೇರೆ, ಅಷ್ಟೇ.

ರಾಜಕೀಯ ಪಕ್ಷಗಳಿಗೆ ಇದು ಚೆನ್ನಾಗಿ ಗೊತ್ತು. ಅಮೆರಿಕದಲ್ಲಿ ಸತ್ತವರು ಬಿಟ್ಟುಹೋದ ದೊಡ್ಡ ಆಸ್ತಿಯ ಮೇಲೆ ಒಂದು ತೆರಿಗೆ ಇದೆ. ಡೆಮಾಕ್ರಟಿಕ್ ಪಕ್ಷದವರು ಅದನ್ನು ಆಸ್ತಿ ತೆರಿಗೆ ಅನ್ನುತ್ತಾರೆ. ರಿಪಬ್ಲಿಕನ್ನರು ಸಾವಿನ ತೆರಿಗೆ ಅನ್ನುತ್ತಾರೆ. ಒಂದು ಹೆಸರಿನಲ್ಲಿ ಶ್ರೀಮಂತರ ಸ್ವತ್ತು ಕಾಣುತ್ತದೆ, ಇನ್ನೊಂದರಲ್ಲಿ ಹೆಣದ ಮುಂದೆ ಕೈಚಾಚಿದ ಸರ್ಕಾರ ಕಾಣುತ್ತದೆ. ಪತ್ರಿಕೆ ಯಾವ ಹೆಸರನ್ನು ಎತ್ತಿಕೊಳ್ಳುತ್ತದೋ ಆ ಪಕ್ಷದ ಕನ್ನಡಕವನ್ನು ಓದುವವರಿಗೆ ಹಾಕಿದಂತೆ. ಒಳ್ಳೆಯ ಸುದ್ದಿಮನೆಗಳು ಇಂಥ ಪದಗಳ ಬಗ್ಗೆ ಕೂತು ಯೋಚಿಸುತ್ತವೆ. ಅಸೋಸಿಯೇಟೆಡ್ ಪ್ರೆಸ್ 2013ರಲ್ಲಿ ‘ಅಕ್ರಮ ವಲಸಿಗ’ ಅನ್ನುವ ಪ್ರಯೋಗವನ್ನು ಕೈಬಿಟ್ಟಿತು. ಕೆಲಸ ಅಕ್ರಮ ಆಗಬಹುದು, ಮನುಷ್ಯ ಅಕ್ರಮ ಆಗಲಾರ ಅನ್ನುವುದು ಅದರ ಹಿಂದಿನ ವಾದ. ಇದನ್ನೂ ಪಕ್ಷಪಾತ ಎಂದು ಕರೆದವರಿದ್ದರು. ಯಾರಿಗೂ ವಾಲದ ಪದ ಯಾವಾಗಲೂ ಸಿಗುವುದಿಲ್ಲ, ನಿಜ. ಆದರೆ ಹುಡುಕುವುದನ್ನೇ ಬಿಟ್ಟರೆ ಪಕ್ಷಗಳು ಕೊಟ್ಟ ಪದವೇ ಗತಿ.

ಮನಸ್ಸು ಬಯಸಿದ್ದೇ ಸುದ್ದಿ

ಈ ವಿಷಯದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಅಧ್ಯಯನ ನೂರು ವರ್ಷ ಹಳೆಯದು. 1920ರಲ್ಲಿ ವಾಲ್ಟರ್ ಲಿಪ್‌ಮನ್ ಮತ್ತು ಚಾರ್ಲ್ಸ್ ಮರ್ಜ್ ಎಂಬ ಇಬ್ಬರು ಪತ್ರಕರ್ತರು, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ರಷ್ಯಾದ ಕ್ರಾಂತಿಯನ್ನು ವರದಿ ಮಾಡಿದ್ದು ಹೇಗೆ ಎಂದು ನೋಡಲು ಕೂತರು. ಮೂರು ವರ್ಷಗಳ ಮೂರು ಸಾವಿರಕ್ಕೂ ಹೆಚ್ಚು ಬರಹಗಳನ್ನು ಓದಿದರು. ಸೋವಿಯತ್ ಆಡಳಿತ ಇನ್ನೇನು ಬೀಳುತ್ತದೆ, ಬಿದ್ದೇಹೋಯಿತು ಎಂಬ ಅರ್ಥದ ಮಾತು ಎರಡು ವರ್ಷಗಳಲ್ಲಿ 91 ಸಲ ಬಂದಿತ್ತು. ಅದು ಬೀಳಲಿಲ್ಲ.

ಇದರ ಹಿಂದೆ ಯಾರದೋ ಸಂಚು ಇದೆ ಎಂದು ಅವರು ಬರೆಯಲಿಲ್ಲ. ಅವರು ಕಂಡುಕೊಂಡದ್ದು ಅದಕ್ಕಿಂತ ಕಷ್ಟದ ಸಂಗತಿ. ವರದಿಗಾರರ ಮತ್ತು ಸಂಪಾದಕರ ಮನಸ್ಸಿನಲ್ಲಿದ್ದ ಆಸೆ ಮತ್ತು ಭಯವೇ ಸೆನ್ಸಾರ್ ಅಧಿಕಾರಿಯ ಕೆಲಸ ಮಾಡಿತ್ತು. ಏನು ಆಗಬೇಕು ಅಂತ ಅವರು ಬಯಸಿದ್ದರೋ ಅದಕ್ಕೆ ಸಾಕ್ಷಿ ಕೊಡುವ ಮೂಲಗಳು ಅವರಿಗೆ ನಂಬಲರ್ಹ ಎಂದು ಕಂಡವು. ಬೇಡವಾದದ್ದನ್ನು ಹೇಳುವ ಮೂಲಗಳು ಅನುಮಾನಾಸ್ಪದ ಎಂದು ಕಂಡವು. ಅವರು ಪ್ರಾಮಾಣಿಕರೇ. ಲಂಚ ತಿಂದವರಲ್ಲ. ಹಾಗಿದ್ದೂ ಓದುವವರನ್ನು ದಾರಿ ತಪ್ಪಿಸಿದರು.

ಎಂಟು ದಶಕಗಳ ನಂತರ ಅದೇ ಪತ್ರಿಕೆ ಮತ್ತೊಮ್ಮೆ ಎಡವಿತು. ಇರಾಕ್ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂಬ ಸುದ್ದಿಗಳು 2003ರ ಯುದ್ಧಕ್ಕೆ ಮೊದಲು ಮುಖಪುಟದಲ್ಲಿ ಬಂದವು. ಅಸ್ತ್ರಗಳು ಸಿಗಲಿಲ್ಲ. 2004ರ ಮೇ 26ರಂದು ಪತ್ರಿಕೆ ತಪ್ಪೊಪ್ಪಿಗೆಯ ಟಿಪ್ಪಣಿ ಪ್ರಕಟಿಸಿತು. ಭಯ ಹುಟ್ಟಿಸುವ ಸುದ್ದಿಗಳಿಗೆ ದೊಡ್ಡ ಜಾಗ ಸಿಕ್ಕಿತ್ತು, ಅವನ್ನು ಪ್ರಶ್ನಿಸುವ ಮುಂದಿನ ವರದಿಗಳು ಕೆಲವೊಮ್ಮೆ ಒಳಗೆಲ್ಲೋ ಹೂತುಹೋಗಿದ್ದವು ಎಂದು ಅದರಲ್ಲೇ ಬರೆದುಕೊಂಡಿತು. ಆ ಟಿಪ್ಪಣಿ ಬಂದದ್ದು ಹತ್ತನೇ ಪುಟದಲ್ಲಿ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ ಪತ್ರಿಕೆಯನ್ನು ಉದಾರವಾದಿಗಳ ಪತ್ರಿಕೆ ಎಂದೇ ಎಲ್ಲರೂ ಕರೆಯುತ್ತಾರೆ. ಆದರೆ ಆ ಸುದ್ದಿಗಳು ನೆರವಾದದ್ದು ಸಂಪ್ರದಾಯವಾದಿ ಅಧ್ಯಕ್ಷರ ಯುದ್ಧಕ್ಕೆ. ಎಡ ಬಲ ಅನ್ನುವ ಅಳತೆಪಟ್ಟಿಯೊಂದನ್ನೇ ಹಿಡಿದು ಹೊರಟರೆ ಇದು ಅರ್ಥವಾಗುವುದಿಲ್ಲ. ಅಧಿಕಾರದ ಹತ್ತಿರ ಇರುವ ಆಸೆಯೂ ಒಂದು ಪಕ್ಷಪಾತ. ಹೆಸರು ಹೇಳಬೇಡಿ ಎಂದು ಮಾಹಿತಿ ಕೊಡುವ ದೊಡ್ಡ ಅಧಿಕಾರಿಯ ಫೋನು ನಾಳೆಯೂ ಬರಬೇಕು, ಅಲ್ವಾ? ಅವರನ್ನು ಎದುರುಹಾಕಿಕೊಂಡರೆ ಮುಂದಿನ ಸುದ್ದಿ ಪೈಪೋಟಿಯವರಿಗೆ ಹೋಗುತ್ತದೆ. ಅದೇ ಹೊತ್ತಿನಲ್ಲಿ ನೈಟ್ ರಿಡ್ಡರ್ ಸಂಸ್ಥೆಯ ವರದಿಗಾರರು ಉನ್ನತ ಸ್ಥಾನದಲ್ಲಿ ಇದ್ದವರನ್ನು ಬಿಟ್ಟು, ಕೆಳಗಿನ ಹಂತದ ಅಧಿಕಾರಿಗಳನ್ನು, ದಿನವೂ ಕಡತ ನೋಡುವವರನ್ನು ಮಾತಾಡಿಸಿದರು. ಅಸ್ತ್ರಗಳ ಕತೆಯಲ್ಲಿ ಅನುಮಾನವಿದೆ ಎಂದು ಬರೆದರು. ಅವರು ಬರೆದದ್ದು ಸರಿಯಾಗಿತ್ತು. ಆಗ ಕಿವಿಗೊಟ್ಟವರು ಕಡಿಮೆ.

ಮಾಲೀಕರೋ, ಓದುಗರೋ

ಪಕ್ಷಪಾತಕ್ಕೆಲ್ಲ ಮಾಲೀಕರೇ ಕಾರಣ ಅನ್ನುವುದು ಸಾಮಾನ್ಯ ಮಾತು. ಅರ್ಧ ನಿಜ. ಮ್ಯಾಥ್ಯೂ ಜೆಂಟ್ಸ್‌ಕೌ ಮತ್ತು ಜೆಸ್ಸಿ ಶಪಿರೊ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದನ್ನು ಅಳೆಯಲು ಒಂದು ಉಪಾಯ ಹುಡುಕಿದರು. 2005ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಎರಡೂ ಪಕ್ಷದವರು ಬಳಸಿದ ಪದಗುಚ್ಛಗಳನ್ನು ಪಟ್ಟಿ ಮಾಡಿದರು. ಮೇಲೆ ಹೇಳಿದ ‘ಸಾವಿನ ತೆರಿಗೆ’ಯಂಥವು. ನಾನೂರಕ್ಕೂ ಹೆಚ್ಚು ದಿನಪತ್ರಿಕೆಗಳು ಯಾರ ಪದವನ್ನು ಜಾಸ್ತಿ ಬಳಸುತ್ತವೆ ಎಂದು ನೋಡಿದರು. ಮಾಲೀಕರು ಯಾರು ಅನ್ನುವುದಕ್ಕಿಂತ ಓದುಗರ ಒಲವು ಯಾವ ಕಡೆಗಿದೆ ಅನ್ನುವುದೇ ಪತ್ರಿಕೆಯ ವಾಲುವಿಕೆಯನ್ನು ಹೆಚ್ಚು ವಿವರಿಸಿತು. ಅಂದರೆ ನಾವು ಕೇಳಲು ಇಷ್ಟಪಡುವುದನ್ನೇ ಅವರು ಮಾರುತ್ತಾರೆ. ಕ್ಲಿಕ್ಕು, ಶೇರು, ನೋಡಿದ ನಿಮಿಷಗಳನ್ನೆಲ್ಲ ಎಣಿಸುವ ಈ ಕಾಲದಲ್ಲಿ ಆ ಒತ್ತಡ ಇನ್ನೂ ಬಿಗಿಯಾಗಿದೆ.

ಹಾಗಂತ ಮಾಲೀಕರನ್ನು ಬಿಟ್ಟುಬಿಡುವಂತಿಲ್ಲ. ಸಿಂಕ್ಲೇರ್ ಎಂಬ ಕಂಪನಿಯ ಕೈಯಲ್ಲಿ ಅಮೆರಿಕದ ಸುಮಾರು 190 ಸ್ಥಳೀಯ ಟಿವಿ ಕೇಂದ್ರಗಳಿದ್ದವು. 2018ರಲ್ಲಿ ಅವುಗಳಲ್ಲಿ ಹತ್ತಾರು ಕೇಂದ್ರಗಳ ಆಂಕರ್‌ಗಳು ಕೇಂದ್ರ ಕಚೇರಿಯಿಂದ ಬಂದ ಒಂದೇ ಬರಹವನ್ನು ಹೆಚ್ಚೂಕಮ್ಮಿ ಅಕ್ಷರ ಬಿಡದೆ ಓದಿದರು. ಆ ತುಣುಕುಗಳನ್ನೆಲ್ಲ ಯಾರೋ ಅಕ್ಕಪಕ್ಕ ಜೋಡಿಸಿದಾಗ ಹತ್ತಾರು ಬಾಯಿಗಳಿಂದ ಒಂದೇ ದನಿ ಕೇಳಿಸಿತು. ಅವರು ಓದಿದ್ದು ಏನು ಗೊತ್ತೇ? ಪಕ್ಷಪಾತದ ಮತ್ತು ಸುಳ್ಳು ಸುದ್ದಿಗಳ ವಿರುದ್ಧ ಎಚ್ಚರಿಕೆ. ಪ್ರತಿ ಊರಿನ ವೀಕ್ಷಕರೂ ತಮಗೆ ಪರಿಚಯದ ಮುಖ ತಮ್ಮ ಜೊತೆ ಮನಸ್ಸು ಬಿಚ್ಚಿ ಮಾತಾಡುತ್ತಿದೆ ಎಂದುಕೊಂಡಿದ್ದರು. ನನಗೆ ಆ ಆಂಕರ್‌ಗಳ ಬಗ್ಗೆ ಮರುಕವೇ ಹುಟ್ಟುತ್ತದೆ. ವರ್ಷಗಟ್ಟಲೆ ಗಳಿಸಿದ ನಂಬಿಕೆಯನ್ನು ಅವರಿಂದ ಬೇರೆ ಯಾರೋ ಖರ್ಚು ಮಾಡಿಸಿದರು.

ಹಂಗೆರಿಯಲ್ಲಿ ನಡೆದದ್ದು ಇದಕ್ಕಿಂತ ನೇರ. 2018ರ ನವೆಂಬರ್‌ನಲ್ಲಿ ಸರ್ಕಾರದ ಪರ ಇದ್ದ ಮಾಲೀಕರು ನಾನೂರಕ್ಕೂ ಹೆಚ್ಚು ಪತ್ರಿಕೆ, ರೇಡಿಯೊ, ಟಿವಿ, ಜಾಲತಾಣಗಳನ್ನು ಒಂದೇ ಪ್ರತಿಷ್ಠಾನಕ್ಕೆ ದಾನವಾಗಿ ಬರೆದುಕೊಟ್ಟರು. ಇದು ರಾಷ್ಟ್ರೀಯ ಮಹತ್ವದ ವಿಷಯ ಎಂದು ಸರ್ಕಾರ ಘೋಷಿಸಿತು. ಹಾಗಾಗಿ ಏಕಸ್ವಾಮ್ಯ ತಡೆಯುವ ಸಂಸ್ಥೆ ಅದನ್ನು ಪರಿಶೀಲಿಸುವಂತೆಯೇ ಇರಲಿಲ್ಲ. ಅರ್ಜೆಂಟೀನಾದಲ್ಲಿ ಹೀಗೆ ಕೊಳ್ಳಬೇಕಾಗಿಯೇ ಬರಲಿಲ್ಲ. 1998ರಿಂದ 2007ರವರೆಗಿನ ನಾಲ್ಕು ಪತ್ರಿಕೆಗಳ ಮುಖಪುಟ ನೋಡಿದ ಸಂಶೋಧಕರಿಗೆ, ಸರ್ಕಾರಿ ಜಾಹೀರಾತು ಜಾಸ್ತಿ ಬಂದ ತಿಂಗಳುಗಳಲ್ಲಿ ಸರ್ಕಾರದ ಭ್ರಷ್ಟಾಚಾರದ ಸುದ್ದಿ ಕಡಿಮೆಯಾದದ್ದು ಕಂಡಿತು.

ಎರಡೂ ಕಡೆ ಸಮಪಾಲು?

ಇದಕ್ಕೆಲ್ಲ ಔಷಧ ಏನು ಅಂದರೆ, ಎರಡೂ ಕಡೆಯವರಿಗೆ ಸಮ ಜಾಗ ಕೊಡಿ ಎನ್ನುತ್ತಾರೆ. ಅಮೆರಿಕದಲ್ಲಿ 1949ರಿಂದ 1987ರವರೆಗೆ ರೇಡಿಯೊ, ಟಿವಿಗಳಿಗೆ ಇಂಥ ನಿಯಮವೇ ಇತ್ತು. ವಿವಾದದ ವಿಷಯಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿಗೆ ಜಾಗ ಕೊಡಬೇಕಿತ್ತು. ರಾಜಕೀಯ ಅಭಿಪ್ರಾಯಗಳ ವಿಷಯದಲ್ಲಿ ಅದು ಒಳ್ಳೆಯ ಪದ್ಧತಿಯೇ. ತೆರಿಗೆ ಎಷ್ಟಿರಬೇಕು ಅನ್ನುವ ಪ್ರಶ್ನೆಗೆ ಒಂದೇ ಸರಿಯುತ್ತರ ಇಲ್ಲ.

ಆದರೆ ಸಂಗತಿಗಳ ವಿಷಯ ಹಾಗಲ್ಲ. ಮ್ಯಾಕ್ಸ್‌ವೆಲ್ ಮತ್ತು ಜೂಲ್ಸ್ ಬಾಯ್ಕಾಫ್ ಸಹೋದರರು 1988ರಿಂದ 2002ರವರೆಗೆ ಅಮೆರಿಕದ ನಾಲ್ಕು ಪ್ರತಿಷ್ಠಿತ ಪತ್ರಿಕೆಗಳಲ್ಲಿ ಭೂಮಿ ಬಿಸಿಯಾಗುವುದರ ಬಗ್ಗೆ ಬಂದ ವರದಿಗಳನ್ನು ಓದಿದರು. ವಿಜ್ಞಾನಿಗಳಲ್ಲಿ ಬಹುಮತ ಒಂದೇ ಕಡೆಗಿತ್ತು. ಆದರೂ ಅರ್ಧಕ್ಕಿಂತ ಹೆಚ್ಚು ವರದಿಗಳು, ಮನುಷ್ಯರು ಕಾರಣ ಎನ್ನುವವರಿಗೂ ಇದೆಲ್ಲ ಸಹಜ ಏರಿಳಿತ ಎನ್ನುವವರಿಗೂ ಹೆಚ್ಚೂಕಮ್ಮಿ ಸಮ ಜಾಗ ಕೊಟ್ಟಿದ್ದವು. ಓದಿದವರಿಗೆ ವಿಜ್ಞಾನಿಗಳೇ ಎರಡು ಹೋಳಾಗಿದ್ದಾರೆ ಅನ್ನಿಸದೆ ಇನ್ನೇನು? ತಕ್ಕಡಿ ಸಮ ಮಾಡಲು ಹೋಗಿ ತೂಕವನ್ನೇ ಸುಳ್ಳು ಮಾಡಿದಂತಾಯಿತು. ವಾದ ಸಮ ಇರಬೇಕು ಎಂದು ವಿಜ್ಞಾನವನ್ನು ಅಲ್ಲಗಳೆಯುವವರನ್ನು ಕರೆದು ಕೂರಿಸಬೇಕಾಗಿಲ್ಲ ಎಂದು ಬಿಬಿಸಿ ತನ್ನ ಪತ್ರಕರ್ತರಿಗೆ ತಿಳಿಸಿದ್ದು 2018ರಲ್ಲಿ. ತುಂಬಾ ತಡವಾಗಿ.

ಇನ್ನೊಂದು ಮಾತು. ನಿಲುವು ಇರುವುದೇ ತಪ್ಪು ಅಂತ ನಾನು ಒಪ್ಪುವುದಿಲ್ಲ. ನಾವು ಇಂಥವರ ಪರ ಎಂದು ಸಂಪಾದಕೀಯದಲ್ಲಿ ಬಾಯಿಬಿಟ್ಟು ಹೇಳುವ ಪತ್ರಿಕೆಯನ್ನು ಓದುವಾಗ ನಾನು ಎಚ್ಚರವಾಗಿರುತ್ತೇನೆ. ನಾವು ಯಾರ ಪರವೂ ಅಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳಿ, ಸುದ್ದಿಯ ಪುಟದಲ್ಲೇ ಒಂದು ಕಡೆ ವಾಲುವವರು ಆ ಎಚ್ಚರವನ್ನೂ ಕಸಿದುಕೊಳ್ಳುತ್ತಾರೆ.

ನಮ್ಮ ಕಣ್ಣಿನ ಕತೆ

ಇಷ್ಟೆಲ್ಲ ಆದ ಮೇಲೂ ಒಂದು ತೊಡಕು ಉಳಿಯುತ್ತದೆ. ಪಕ್ಷಪಾತ ಇದೆ ಎಂದು ತೀರ್ಮಾನ ಮಾಡುವ ನಾವು ಎಲ್ಲಿ ನಿಂತಿದ್ದೇವೆ? 1982ರಲ್ಲಿ ಬೈರೂತ್‌ನ ನಿರಾಶ್ರಿತರ ಶಿಬಿರಗಳಲ್ಲಿ ಹತ್ಯಾಕಾಂಡ ನಡೆಯಿತು. ಅದರ ಬಗ್ಗೆ ಬಂದ ಟಿವಿ ಸುದ್ದಿಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 144 ವಿದ್ಯಾರ್ಥಿಗಳಿಗೆ ತೋರಿಸಿದರು. ಅವರಲ್ಲಿ ಇಸ್ರೇಲ್ ಪರ ಇದ್ದವರು, ಅರಬ್ಬರ ಪರ ಇದ್ದವರು ಇಬ್ಬರೂ ಇದ್ದರು. ತೋರಿಸಿದ್ದು ಅವವೇ ತುಣುಕುಗಳು. ಇದು ಇಸ್ರೇಲ್ ವಿರುದ್ಧ ಪಕ್ಷಪಾತ ಮಾಡಿದೆ ಎಂದು ಇಸ್ರೇಲ್ ಪರ ಇದ್ದ ಗುಂಪು ಹೇಳಿತು. ಇಸ್ರೇಲ್ ಪರ ಪಕ್ಷಪಾತ ಮಾಡಿದೆ ಎಂದು ಅರಬ್ಬರ ಪರ ಇದ್ದ ಗುಂಪು ಹೇಳಿತು. ವಿಷಯ ಜಾಸ್ತಿ ತಿಳಿದಿದ್ದವರಿಗೆ ಪಕ್ಷಪಾತವೂ ಜಾಸ್ತಿ ಕಂಡಿತ್ತು. 1985ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದ ದಿನದಿಂದ, ‘ಈ ಚಾನೆಲ್ ನಮ್ಮ ವಿರುದ್ಧ ಇದೆ’ ಅನ್ನುವ ಸಿಟ್ಟು ಬಂದಾಗ ನಾನು ಸ್ವಲ್ಪ ತಡೆಯುತ್ತೇನೆ. ಸಿಟ್ಟು ಬಂತು ಎಂದ ಮಾತ್ರಕ್ಕೆ ಅದು ಸಾಕ್ಷಿಯಾಗುವುದಿಲ್ಲ.

ಹಾಗಾದರೆ ಪಕ್ಷಪಾತದಿಂದ ನಿಜವಾಗಿ ಏನಾದರೂ ಬದಲಾಗುತ್ತದೆಯೇ, ಅಥವಾ ಜನ ತಮಗೆ ಬೇಕಾದ್ದನ್ನು ನೋಡಿಕೊಂಡು ಸುಮ್ನೆ ಇದ್ದುಬಿಡುತ್ತಾರಾ? ಬದಲಾಗುತ್ತದೆ, ಸ್ವಲ್ಪ ಸ್ವಲ್ಪವೇ. ರಿಪಬ್ಲಿಕನ್ ಪಕ್ಷದ ಕಡೆ ವಾಲುವ ಫಾಕ್ಸ್ ನ್ಯೂಸ್ ಚಾನೆಲ್ ಅಮೆರಿಕದಲ್ಲಿ 1996ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಎಲ್ಲ ಊರುಗಳಿಗೆ ಒಟ್ಟಿಗೆ ಬರಲಿಲ್ಲ. ಬಂದ ಊರು, ಬಾರದ ಊರುಗಳನ್ನು ಹೋಲಿಸಿ ನೋಡಿದ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಈಥನ್ ಕ್ಯಾಪ್ಲನ್, ಬಂದ ಕಡೆ ರಿಪಬ್ಲಿಕನ್ ಪಕ್ಷದ ಮತ ಶೇಕಡಾ 0.4ರಿಂದ 0.7 ಅಂಶದಷ್ಟು ಏರಿತು ಎಂದು ಲೆಕ್ಕ ಹಾಕಿದರು. ಇಷ್ಟೇನಾ ಅನ್ನಿಸಬಹುದು. 2000ದ ಅಧ್ಯಕ್ಷೀಯ ಚುನಾವಣೆಯ ಹಣೆಬರಹ ತೀರ್ಮಾನವಾದ ಫ್ಲಾರಿಡಾ ರಾಜ್ಯದಲ್ಲಿ ಗೆಲುವಿನ ಅಂತರ ಇದ್ದದ್ದು 537 ಮತ.

ಇನ್ನೂ ಹತ್ತಿರದಿಂದ ನೋಡಿದವರು ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ. 2020ರ ಸೆಪ್ಟೆಂಬರ್ ತಿಂಗಳಲ್ಲಿ ಫಾಕ್ಸ್ ನ್ಯೂಸ್‌ನ ಕಾಯಂ ವೀಕ್ಷಕರಲ್ಲಿ ಕೆಲವರಿಗೆ ಗಂಟೆಗೆ 15 ಡಾಲರ್ ಕೊಟ್ಟು, ವಾರಕ್ಕೆ ಏಳು ಗಂಟೆಯವರೆಗೆ ಪೈಪೋಟಿಯ ಸಿಎನ್‌ಎನ್ ಚಾನೆಲ್ ನೋಡಿಸಿದರು. ನೋಡಿದ್ದಾರೋ ಇಲ್ಲವೋ ಎಂದು ತಿಳಿಯಲು ಪ್ರಶ್ನೆಗಳನ್ನೂ ಕೇಳಿದರು. ಇವರು ಗಟ್ಟಿ ಬೆಂಬಲಿಗರು, ಬದಲಾಗುವವರಲ್ಲ ಎಂದೇ ಯಾರಾದರೂ ಅಂದುಕೊಳ್ಳುತ್ತಿದ್ದರು. ತಿಂಗಳ ಕೊನೆಗೆ ಅವರಿಗೆ ಕೋವಿಡ್ ಬಗ್ಗೆ, ಅಂಚೆ ಮತದಾನದ ಬಗ್ಗೆ ಮೊದಲು ಗೊತ್ತಿಲ್ಲದ ಸಂಗತಿಗಳು ಗೊತ್ತಾಗಿದ್ದವು. ತಮ್ಮ ಪಕ್ಷವನ್ನು ಅವರು ಬಿಡಲಿಲ್ಲ. ಆದರೆ ಒಂದು ಮಾತನ್ನು ಮೊದಲಿಗಿಂತ ಜಾಸ್ತಿ ಜನ ಒಪ್ಪಿದರು: ಅಧ್ಯಕ್ಷ ಟ್ರಂಪ್ ತಪ್ಪು ಮಾಡಿದರೆ ನಮ್ಮ ಚಾನೆಲ್ ಅದನ್ನು ಹೇಳುವುದಿಲ್ಲ. ಹಣ ಕೊಡುವುದು ನಿಂತ ಮೇಲೆ ಬಹುತೇಕರು ಹಳೆಯ ಚಾನೆಲ್‌ಗೇ ಮರಳಿದರು. ತಿಳಿದುಕೊಂಡದ್ದರ ಪ್ರಭಾವವೂ ಬಹುಮಟ್ಟಿಗೆ ಕರಗಿತು. ಸಂಶೋಧಕರು ಒಂದು ಮಾತು ಸೇರಿಸಿದ್ದಾರೆ: ಸಿಎನ್‌ಎನ್ ಕೂಡ ತನ್ನ ಕಡೆಯಿಂದ ಸೋಸಿಯೇ ಸುದ್ದಿ ಕೊಡುತ್ತದೆ.

ಈ ಪ್ರಯೋಗ ನನ್ನನ್ನು ತುಂಬಾ ಕಾಡಿದೆ. ಆ ಜನ ದಡ್ಡರಾಗಿರಲಿಲ್ಲ, ದ್ವೇಷದಿಂದ ಕುರುಡರೂ ಆಗಿರಲಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಅದಾದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ವಾರಕ್ಕೊಂದು ದಿನ ನನಗೆ ಒಪ್ಪಿಗೆಯಾಗುವ ಪತ್ರಿಕೆಯನ್ನೂ, ಓದಿದರೆ ಮೈ ಉರಿಯುವ ಪತ್ರಿಕೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂರುತ್ತೇನೆ. ಕೆಂಪು ಪೆನ್ನಿನಲ್ಲಿ ಮೊದಲು ಕ್ರಿಯಾಪದಗಳಿಗೆ ಗೆರೆ ಎಳೆಯುತ್ತೇನೆ. ಆಮೇಲೆ ಮಾತಾಡಿದವರ ಹೆಸರಿಗೆ. ಆಮೇಲೆ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಸುದ್ದಿಗೆ. ಮೈ ಉರಿಸುವ ಪತ್ರಿಕೆಯ ಕೆಂಪು ಗೆರೆಗಳನ್ನು ನಾನು ನಿರೀಕ್ಷಿಸಿದ್ದೆ. ನನ್ನ ಪತ್ರಿಕೆಯಲ್ಲಿ, ನನಗೆ ಇಷ್ಟವಾದ ಮುಖಂಡರು ಎಲ್ಲ ಕಡೆ ‘ಹೇಳಿದರು’, ‘ವಿವರಿಸಿದರು’. ಇಷ್ಟವಿಲ್ಲದವರು ‘ಆರೋಪಿಸಿದರು’, ‘ಕಿಡಿಕಾರಿದರು’. ಇಷ್ಟು ವರ್ಷ ಓದಿದ್ದೇನೆ, ಒಮ್ಮೆಯೂ ಅದು ನನ್ನ ಕಣ್ಣಿಗೆ ಚುಚ್ಚಿರಲಿಲ್ಲ.

ಒಂದು ವಾರ ಇನ್ನೊಂದು ಸಂಗತಿ ಸಿಕ್ಕಿತು. ನಾನು ಬೆಂಬಲಿಸುವ ಕಡೆಯವರ ಒಂದು ತಪ್ಪು ಆ ಇನ್ನೊಂದು ಪತ್ರಿಕೆಯ ಮುಖಪುಟದಲ್ಲಿ ದಾಖಲೆ ಸಮೇತ ಬಂದಿತ್ತು. ನನ್ನ ಪತ್ರಿಕೆಯ ಹಿಂದಿನ ಸಂಚಿಕೆಗಳನ್ನೆಲ್ಲ ತಿರುವಿದೆ. ಅದು ಮೂರನೇ ದಿನ, ಒಳಪುಟದಲ್ಲಿ, ಸಿಂಗಲ್ ಕಾಲಂನಲ್ಲಿ ಬಂದಿತ್ತು. ತಲೆಬರಹ: ಆರೋಪ ಅಲ್ಲಗಳೆದ ಮುಖಂಡರು. ಆರೋಪ ಏನು ಅನ್ನುವುದು ಕೊನೆಯ ಸಾಲಿನಲ್ಲಿತ್ತು. ಆ ಮಧ್ಯದ ಎರಡು ದಿನ ಅದೇ ವಿಷಯದ ಬಗ್ಗೆ ಗೆಳೆಯರೊಬ್ಬರ ಜೊತೆ ನಾನು ಗಟ್ಟಿ ದನಿಯಲ್ಲಿ ವಾದ ಮಾಡಿದ್ದೆ. ಆವತ್ತು ಸಂಜೆ ಅವರಿಗೆ ಫೋನ್ ಮಾಡಿದೆ.